ಮಗುವಿನ ಮಾತು ತಡವಾದಾಗ

ಲಿಂಗಂಪಲ್ಲಿಯ ಕನ್ನಡ ಮನೆಯೊಂದರಲ್ಲಿ ಬೆಳೆಯುವ ಮಗುವಿನ ಕಿವಿಗೆ ದಿನವೊಂದಕ್ಕೆ ಮೂರು ನಾಲ್ಕು ಭಾಷೆಗಳು ಬೀಳುತ್ತವೆ. ಮನೆಯೊಳಗೆ ತಾಯಿತಂದೆಯರ ಕನ್ನಡ, ಕೆಲಸಕ್ಕೆ ಬರುವಾಕೆಯ ತೆಲುಗು, ನೆರೆಯವರ ಹಿಂದಿ ಅಥವಾ ದಖನಿ, ಶಿಶುವಿಹಾರದ ಇಂಗ್ಲಿಷು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವಾದ್ದರಿಂದ ಆ ಭಾಗದ ಕನ್ನಡಿಗರಿಗೆ ಹಲವು ಭಾಷೆಗಳ ನಡುವಿನ ಬಾಳು ಹೊಸದೇನಲ್ಲ. ಆದರೆ ಇಂಥ ಮನೆಯ ಮಗು ಎರಡು ವರ್ಷ ತುಂಬಿದರೂ ಮಾತನಾಡದಿದ್ದಾಗ ಸುತ್ತಲಿನವರಿಂದ ಎರಡು ಬಗೆಯ ಸಲಹೆಗಳು ಬರುತ್ತವೆ. "ಭಾಷೆಗಳು ಹೆಚ್ಚಾಗಿ ಮಗು ಗೊಂದಲಗೊಂಡಿದೆ, ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿಯೇ ಮಾತನಾಡಿಸಿ" ಎಂಬುದೊಂದು. "ಇವನ ಅಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದದ್ದು, ಕಾಯಿರಿ" ಎಂಬುದು ಇನ್ನೊಂದು. ಎರಡೂ ಹಿತೈಷಿಗಳ ಬಾಯಿಂದಲೇ ಬರುವಂಥವು. ಆದರೆ ಎರಡರಿಂದಲೂ ಮಗುವಿನ ಅಮೂಲ್ಯವಾದ ತಿಂಗಳುಗಳು ವ್ಯರ್ಥವಾಗುತ್ತವೆ.

ಮಾತಿನ ಮೆಟ್ಟಿಲುಗಳು

ಮಾತು ಮೊದಲ ಪದದಿಂದ ಆರಂಭವಾಗುವುದಿಲ್ಲ. ಹುಟ್ಟಿದ ಮಗು ದೊಡ್ಡ ಸದ್ದಿಗೆ ಬೆಚ್ಚುತ್ತದೆ. ಎರಡು ಮೂರು ತಿಂಗಳಿಗೆ ತಾಯಿಯ ಮುಖ ನೋಡಿ ನಗುತ್ತ ಸ್ವರ ಹೊರಡಿಸುತ್ತದೆ. ಆರರಿಂದ ಒಂಬತ್ತು ತಿಂಗಳ ಸುಮಾರಿಗೆ "ಬಬಬ", "ದದದ" ಎಂದು ಅಕ್ಷರಗಳನ್ನು ಜೋಡಿಸುತ್ತದೆ. ವರ್ಷ ತುಂಬುವ ವೇಳೆಗೆ ಹೆಸರು ಹಿಡಿದು ಕರೆದರೆ ತಿರುಗುತ್ತದೆ, ಟಾಟಾ ಮಾಡುತ್ತದೆ, ಅರ್ಥವಿಟ್ಟುಕೊಂಡು ಒಂದೆರಡು ಪದಗಳನ್ನು ನುಡಿಯಲು ತೊಡಗುತ್ತದೆ. ಅದೇ ಸುಮಾರಿಗೆ ಬೇಕಾದ ವಸ್ತುವನ್ನು ಬೆರಳು ಮಾಡಿ ತೋರಿಸಲು ಕಲಿಯುತ್ತದೆ.

ಒಂದೂವರೆ ವರ್ಷಕ್ಕೆ ಸಾಮಾನ್ಯವಾಗಿ ಹತ್ತಾರು ಪದಗಳಿರುತ್ತವೆ. ಕೈಸನ್ನೆ ಮಾಡದೆ "ಚೆಂಡು ತಾ" ಎಂದರೂ ಮಗು ತರಬಲ್ಲದು. ಎರಡು ವರ್ಷಕ್ಕೆ ಸುಮಾರು 50 ಪದಗಳಿದ್ದು, "ಅಮ್ಮ ಬಾ", "ಹಾಲು ಬೇಡ" ಎಂದು ಎರಡೆರಡನ್ನು ತಾನಾಗಿಯೇ ಕೂಡಿಸುತ್ತದೆ. ಮೂರು ವರ್ಷಕ್ಕೆ ಸಣ್ಣ ವಾಕ್ಯಗಳು ಬರುತ್ತವೆ. ಆಗ ಮಗು ಹೇಳಿದ ಬಹುಭಾಗ ಹೊರಗಿನವರಿಗೂ ತಿಳಿಯಬೇಕು. ಮಕ್ಕಳಲ್ಲಿ ಕೆಲವು ತಿಂಗಳ ಹೆಚ್ಚುಕಡಿಮೆ ಸಹಜ. ಆದರೆ ಅದಕ್ಕೂ ಒಂದು ಮಿತಿಯುಂಟು.

ಹಲವು ಭಾಷೆಗಳು ಕಾರಣವೇ?

ಅಲ್ಲ. ಎರಡು ಮೂರು ಭಾಷೆಗಳನ್ನು ಕೇಳಿ ಬೆಳೆಯುವ ಮಕ್ಕಳೂ ಒಂದೇ ಭಾಷೆಯ ಮಕ್ಕಳ ಹಾಗೆಯೇ ಸಕಾಲದಲ್ಲಿ ಈ ಮೆಟ್ಟಿಲುಗಳನ್ನು ಏರುತ್ತಾರೆ. ಪಾಲಕರು ತಪ್ಪುವುದು ಎಣಿಕೆಯಲ್ಲಿ. ಮಗುವೊಂದು "ಅಮ್ಮ", "ಹಾಲು" ಎಂದು ಕನ್ನಡದಲ್ಲಿಯೂ, "ನೀಳ್ಳು" ಎಂದು ತೆಲುಗಿನಲ್ಲಿಯೂ, "ಬಾಲ್" ಎಂದು ಇಂಗ್ಲಿಷಿನಲ್ಲಿಯೂ ಹೇಳುತ್ತಿದ್ದರೆ ಅದಕ್ಕೆ ಬರುವ ಪದಗಳು ಎರಡಲ್ಲ, ನಾಲ್ಕು. ಎಲ್ಲ ಭಾಷೆಗಳ ಪದಗಳನ್ನೂ ಒಟ್ಟುಗೂಡಿಸಬೇಕು. "ಅಮ್ಮ ನೀಳ್ಳು" ಎಂದು ಎರಡು ಭಾಷೆಗಳನ್ನು ಬೆರೆಸಿದರೂ ಅದು ದೋಷವಲ್ಲ, ಎರಡು ಪದಗಳ ಜೋಡಣೆಯೇ.

ಹೊಸ ಭಾಷೆಯ ಶಿಶುವಿಹಾರಕ್ಕೆ ಸೇರಿದ ಮಗು ಅಲ್ಲಿ ಕೆಲವು ವಾರ, ತಿಂಗಳು ಸುಮ್ಮನಿರುವುದುಂಟು. ಅದೇ ಮಗು ಮನೆಯಲ್ಲಿ ಕನ್ನಡದಲ್ಲಿ ವಯಸ್ಸಿಗೆ ತಕ್ಕಂತೆ ಮಾತನಾಡುತ್ತಿದ್ದರೆ ಸಾಮಾನ್ಯವಾಗಿ ಆತಂಕಕ್ಕೆ ಕಾರಣವಿಲ್ಲ. ನಿಜವಾದ ವಿಳಂಬವು ಎಲ್ಲ ಭಾಷೆಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಕನ್ನಡವನ್ನು ಬಿಡುವುದರಿಂದ ಅದು ನೀಗದು. ತಾಯಿಯು ತನಗೆ ಸಲೀಸಲ್ಲದ ಭಾಷೆಯನ್ನು ತಡವರಿಸುತ್ತ ಆಡಿದರೆ ಮಗುವಿಗೆ ದೊರೆಯುವ ಮಾತು ಇನ್ನಷ್ಟು ಬಡವಾಗುತ್ತದೆ. ಊರಿನ ಅಜ್ಜಿಯೊಡನೆ ಆಡುವ ಮಾತೂ ತಪ್ಪಿಹೋಗುತ್ತದೆ.

ಎಚ್ಚರಿಕೆಯ ಚಿಹ್ನೆಗಳು

ಕೆಳಗಿನವುಗಳಲ್ಲಿ ಒಂದು ಕಂಡರೂ ತಜ್ಞರಿಗೆ ತೋರಿಸತಕ್ಕದ್ದು:

1. ಯಾವ ವಯಸ್ಸಿನಲ್ಲಾದರೂ ಸದ್ದಿಗೆ ಪ್ರತಿಕ್ರಿಯೆ ಇಲ್ಲದಿರುವುದು.
2. ವರ್ಷ ತುಂಬಿದರೂ ಬಬಬ, ದದದ ಎನ್ನದಿರುವುದು, ಹೆಸರಿಗೆ ಓಗೊಡದಿರುವುದು, ಯಾವ ಕೈಸನ್ನೆಯನ್ನೂ ಮಾಡದಿರುವುದು.
3. ಒಂದೂವರೆ ವರ್ಷವಾದರೂ ಯಾವ ಭಾಷೆಯಲ್ಲಿಯೂ ಅರ್ಥವುಳ್ಳ ಪದ ಬಾರದಿರುವುದು, ಅಥವಾ ಸರಳವಾದ ಮಾತು ಅರ್ಥವಾಗದಿರುವುದು.
4. ಎರಡು ವರ್ಷವಾದರೂ ಎರಡು ಪದಗಳನ್ನು ತಾನಾಗಿ ಕೂಡಿಸದಿರುವುದು, ಅಥವಾ ಕೇಳಿದ್ದನ್ನೇ ಗಿಳಿಯಂತೆ ಒಪ್ಪಿಸುವುದು ಮಾತ್ರ.
5. ಕಣ್ಣಿಟ್ಟು ನೋಡದಿರುವುದು, ಬೆರಳು ಮಾಡಿ ತೋರಿಸದಿರುವುದು, ಇತರರೊಡನೆ ಆಟಕ್ಕೆ ಮನಸ್ಸು ಮಾಡದಿರುವುದು.
6. ಬಂದಿದ್ದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋಗುವುದು. ಇದಕ್ಕೆ ಒಂದು ದಿನವೂ ತಡಮಾಡಲಾಗದು.

ಮೊದಲು ಕಿವಿಯ ಪರೀಕ್ಷೆ

ಕೇಳದ ಮಾತನ್ನು ಮಗು ಕಲಿಯಲಾರದು. ಆದ್ದರಿಂದ ಕಾರಣ ಯಾವುದೇ ಇರಬಹುದೆಂದು ತೋರಿದರೂ ಮೊದಲು ಶ್ರವಣ ಪರೀಕ್ಷೆ ನಡೆಯಬೇಕು. "ಬಾಗಿಲು ಬಡಿದರೆ ತಿರುಗುತ್ತಾನೆ, ಕಿವಿ ಸರಿಯಾಗಿದೆ" ಎಂದು ಪಾಲಕರು ಸಮಾಧಾನಪಟ್ಟುಕೊಳ್ಳುವುದುಂಟು. ಭಾಗಶಃ ಕಿವುಡಿರುವ ಮಗುವಿಗೆ ಬಾಗಿಲ ಸದ್ದು ಕೇಳಿಸಿ, ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದಿರಬಹುದು. ತಟ್ಟೆ ಬಡಿದು ನೋಡುವುದು ಪರೀಕ್ಷೆಯಲ್ಲ. ಮಗು ನೆರಳನ್ನೋ ನೆಲದ ಅದುರನ್ನೋ ಗುರುತಿಸಿ ತಿರುಗಿರಬಹುದು. ಹುಟ್ಟುಕಿವುಡಿನ ಮಗುವೂ ಮೊದಲ ತಿಂಗಳುಗಳಲ್ಲಿ ಸ್ವರ ಹೊರಡಿಸುವುದರಿಂದ ಮನೆಯವರು ಮೋಸಹೋಗುತ್ತಾರೆ.

ಒ.ಎ.ಇ. ಮತ್ತು ಬೆರಾ ಎಂಬ ಪರೀಕ್ಷೆಗಳಿಗೆ ಮಗುವಿನ ಉತ್ತರ ಬೇಕಿಲ್ಲ. ನಿದ್ದೆಯಲ್ಲಿರುವಾಗಲೇ ಮಾಡಬಹುದು, ನೋವಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಧಾರ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿರುವ ಗುರಿ. ಅವಧಿಗೆ ಮುನ್ನ ಹುಟ್ಟಿದ, ತೀವ್ರ ಕಾಮಾಲೆ ಅಥವಾ ಮಿದುಳು ಪೊರೆಯ ಉರಿಯೂತ ಅನುಭವಿಸಿದ, ತಾಯಿಗೆ ಗರ್ಭಿಣಿಯಾಗಿದ್ದಾಗ ರುಬೆಲ್ಲಾ ಬಂದಿದ್ದ ಮಕ್ಕಳಲ್ಲಿ ವಿಶೇಷ ಎಚ್ಚರ ಬೇಕು. ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧದ ಮದುವೆಗಳಲ್ಲಿಯೂ ಆನುವಂಶಿಕ ಕಿವುಡಿನ ಸಂಭವ ಹೆಚ್ಚು.

ಕಿವಿ ಸರಿಯಿದ್ದರೆ ಆಟಿಸಂ, ಬೌದ್ಧಿಕ ಬೆಳವಣಿಗೆಯ ಹಿನ್ನಡೆ ಮೊದಲಾದುವನ್ನು ತಜ್ಞರು ಪರಿಶೀಲಿಸುತ್ತಾರೆ. ಬೇರೇನೂ ಕಾಣದೆ ಮಾತು ಮಾತ್ರ ತಡವಾಗುವುದೂ ಉಂಟು. ಅಂಥವರಲ್ಲಿ ಹಲವರು ಮುಂದೆ ಓರಗೆಯವರನ್ನು ಕೂಡಿಕೊಳ್ಳುತ್ತಾರೆ. ಆದರೆ ಯಾವ ಮಗು ಕೂಡಿಕೊಳ್ಳುತ್ತದೆ, ಯಾವುದು ಹಿಂದುಳಿಯುತ್ತದೆ ಎಂಬುದು ಮನೆಯವರ ಊಹೆಗೆ ನಿಲುಕದ ಸಂಗತಿ. ಆದ್ದರಿಂದಲೇ ಕಾಯುವ ಮುನ್ನ ಪರೀಕ್ಷೆ ಅಗತ್ಯ.

ಮನೆಮದ್ದು ಮತ್ತು ಮನೆಯ ಮಾತು

ಕನ್ನಡ ಮನೆಗಳಲ್ಲಿ ಬಜೆ ತೇಯ್ದು ನೆಕ್ಕಿಸುವ ರೂಢಿಯಿದೆ. ತೆಲುಗರು ಅದನ್ನೇ ವಸ ಎನ್ನುತ್ತಾರೆ. ಬಜೆಯಿಂದ ಕಿವುಡು ನೀಗದು, ಮಾತೂ ಬಾರದು. ಹೆಚ್ಚಾದರೆ ವಾಂತಿಗೆ ಕಾರಣವಾದೀತು. ನಾಲಿಗೆಯ ಕೆಳಗಿನ ದಾರವನ್ನು ಕತ್ತರಿಸಿದರೆ ಮಾತು ಬರುವುದೆಂಬ ನಂಬಿಕೆಯೂ ಸರಿಯಲ್ಲ. ಆ ದಾರ ಗಿಡ್ಡವಿದ್ದರೆ ಕೆಲವು ಅಕ್ಷರಗಳ ಉಚ್ಚಾರಣೆಗೆ ತೊಡಕಾಗಬಹುದೇ ಹೊರತು ಮಾತೇ ತಡವಾಗುವುದಿಲ್ಲ.

ತಾಯಿತಂದೆಯರಿಬ್ಬರೂ ದುಡಿಯುವ ಮನೆಯಲ್ಲಿ ಮೊಬೈಲು ಮಗುವಿನ ದಾದಿಯಾಗುವ ಅಪಾಯವುಂಟು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಸಲ್ಲದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಪರದೆ ಮಾತನಾಡುತ್ತದೆ, ಆದರೆ ಮಗುವಿನ ಉತ್ತರಕ್ಕೆ ಕಾಯುವುದಿಲ್ಲ. ಸ್ನಾನ ಮಾಡಿಸುವಾಗ, ಉಣಿಸುವಾಗ, ಮಾಡುತ್ತಿರುವುದನ್ನೇ ಚಿಕ್ಕ ಚಿಕ್ಕ ಕನ್ನಡ ವಾಕ್ಯಗಳಲ್ಲಿ ಹೇಳಬೇಕು. ಮಗು "ಹಾಲು" ಎಂದರೆ "ಬಿಸಿ ಹಾಲು ಬೇಕಾ?" ಎಂದು ಒಂದು ಪದ ಸೇರಿಸಿ, ಉತ್ತರಕ್ಕೆ ಅವಕಾಶ ಕೊಡಬೇಕು. ಇದು ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ.

ಎಲ್ಲಿ ತೋರಿಸಬೇಕು?

ಮಕ್ಕಳ ವೈದ್ಯರಿಂದ ಆರಂಭಿಸಬಹುದು. ಅಲಿ ಯಾವರ್ ಜಂಗ್ ಅವರ ಹೆಸರಿನಲ್ಲಿ 1983ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿದೆ. ಕೋಠಿಯಲ್ಲಿ ಸರ್ಕಾರಿ ಕಿವಿ, ಮೂಗು, ಗಂಟಲು ಆಸ್ಪತ್ರೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ತಪಾಸಣೆ ನಡೆದು, ದೋಷ ಶಂಕಿಸಿದ ಮಕ್ಕಳನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸುವ ಏರ್ಪಾಡಿದೆ. ಕನ್ನಡದಲ್ಲಿಯೇ ಪರೀಕ್ಷೆ, ತರಬೇತಿ ಬೇಕೆನ್ನುವವರಿಗೆ 1965ರಲ್ಲಿ ಆರಂಭವಾದ, ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮನೆಯ ಮಾತು ಕನ್ನಡವೆಂಬುದನ್ನು ಎಲ್ಲಿ ಹೋದರೂ ತಜ್ಞರಿಗೆ ಮೊದಲೇ ತಿಳಿಸಬೇಕು.

ಮಗುವಿಗೆ 16ರಿಂದ 24 ತಿಂಗಳೊಳಗೆ ಬೂಸ್ಟರ್ ಚುಚ್ಚುಮದ್ದು ಹಾಕಿಸಲು ಹೇಗೂ ಹೋಗಬೇಕಾಗುತ್ತದೆ. ಅದಕ್ಕೆ ಮೊದಲು ಒಂದು ವಾರ ಮಗು ಆಡಿದ ಪದಗಳನ್ನೆಲ್ಲ, ಅವು ಯಾವ ಭಾಷೆಯವಾದರೂ ಸರಿ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಆ ದಿನ ವೈದ್ಯರ ಕೈಗೆ ಕೊಡಬೇಕು. ಪಟ್ಟಿ ಉದ್ದವಿದ್ದರೆ ಸಂತೋಷ. ಗಿಡ್ಡವಿದ್ದರೆ ಅಂದೇ ಶ್ರವಣ ಪರೀಕ್ಷೆಗೆ ಚೀಟಿ ಬರೆಸಿಕೊಂಡು ಬರಬೇಕು.