ಮ್ಯಾನೇಜರ್ ಆದ ನಮ್ಮೂರ ಹುಡುಗಿಗೆ

ನೋಡವ್ವ, ನೀನು ಎಂಜಿನಿಯರಿಂಗ್ ಮ್ಯಾನೇಜರ್ ಆದ ಸುದ್ದಿಯನ್ನು ನಿಮ್ಮಪ್ಪ ಫೋನ್ ಮಾಡಿ ಹೇಳಿದ. ನಂಜನಗೂಡಿನ ನಿಮ್ಮ ಬೀದಿಯವರು ನೀನು ಬ್ಯಾಂಕಿಗೆ ಸೇರಿದೆ ಅಂದುಕೊಂಡಿದ್ದಾರಂತೆ. ನಮ್ಮ ಕಡೆ ಮ್ಯಾನೇಜರ್ ಅಂದರೆ ಸಾಲ ಕೊಡುವವರೇ ತಾನೆ! ಇರಲಿ. ನಾನೂ ಸಾಫ್ಟ್‌ವೇರಿನಲ್ಲೇ ತಲೆ ನರೆಸಿಕೊಂಡವನು, ಅದಕ್ಕೆ ಹೇಳ್ತೀನಿ.

ರಾತ್ರಿ ಕೂತು ಹುಡುಗರ ಕೋಡನ್ನು ನೀನೇ ತಿದ್ದೋಕೆ ಹೋಗಬೇಡ. ಕೈ ತುರಿಸುತ್ತೆ, ಗೊತ್ತು. ಅವರು ಎರಡು ದಿನ ಒದ್ದಾಡೋ ಬಗ್ ನಿನಗೆ ಅರ್ಧ ಗಂಟೆ ಕೆಲಸ. ಆದರೆ ಒಂದು ಸಲ ನೀನು ತಿದ್ದಿದರೆ ಮುಂದಿನ ಸಲ ನಿನ್ನ ದಾರಿಯನ್ನೇ ಕಾಯುತ್ತಾರೆ. ಕೋಡ್ ರಿವ್ಯೂನಲ್ಲಿ "ಇದು ತಪ್ಪು, ಹೀಗೆ ಬರಿ" ಅನ್ನಬೇಡ. "ಈ ಸರ್ವರ್ ಉತ್ತರ ಕೊಡದೇ ಹೋದರೆ ಇಲ್ಲಿ ಏನಾಗುತ್ತೆ?" ಅಂತ ಕೇಳಿ ಬಿಟ್ಟುಬಿಡು.

ಇನ್ನು ಮೇಲೆ ನಿನ್ನದು ನಾಲೆ ನೀರು ಹಂಚೋ ನೀರುಗಂಟಿಯ ಕೆಲಸ. ಟಿ. ನರಸೀಪುರದಲ್ಲಿ ಕಬಿನಿ ನಾಲೆ ಕೆಳಗೆ ಗದ್ದೆ ಮಾಡಿದವರಿಗೆಲ್ಲ ಅವನು ಗೊತ್ತು. ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಏರಿ ಮೇಲೆ ನಡೀತಾನೆ. ಎಲ್ಲಿ ಕಸ ಕಟ್ಟಿದೆ, ರಾತ್ರಿ ಯಾರು ಮಡೆ ತಿರುಗಿಸಿಕೊಂಡರು, ಇದೇ ಅವನ ಲೆಕ್ಕ. ಮೇಲಿನ ಗದ್ದೆಯವರಿಗೆ ಹೇಗೂ ನೀರು ಸಿಗುತ್ತೆ, ಒಣಗೋದು ಕೊನೆ ಭಾಗದವನ ಪೈರು.

ನಿನ್ನ ತಂಡದಲ್ಲೂ ಅಂಥ ಕೊನೆ ಭಾಗದವನೊಬ್ಬ ಇರುತ್ತಾನೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದ ಹುಡುಗ. ಬೆಳಗಿನ ಸ್ಟ್ಯಾಂಡಪ್‌ನಲ್ಲಿ "ನೋ ಬ್ಲಾಕರ್ಸ್" ಅಂದು ಸುಮ್ಮನಾಗುತ್ತಾನೆ, ಟಿಕೆಟ್ ಮಾತ್ರ ಮೂರು ದಿನದಿಂದ ಅಲ್ಲಾಡಿರೋಲ್ಲ. ಕೆಲಸ ಬರೋಲ್ಲ ಅಂತಲ್ಲ. ಎಲ್ಲರೆದುರು ಇಂಗ್ಲಿಷಿನಲ್ಲಿ "ಇದು ಅರ್ಥವಾಗಲಿಲ್ಲ" ಅನ್ನೋಕೆ ನಾಲಗೆ ಏಳೋಲ್ಲ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಟೀ ಕುಡಿಸಿ, ಕನ್ನಡದಲ್ಲೇ ಕೇಳು: "ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀಯಪ್ಪ?" ಅಂತ. ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆಗೂ ಅರ್ಧ ಗಂಟೆ ಕೂರು, ಟಿಕೆಟ್ ಲೆಕ್ಕ ಕೇಳೋಕಲ್ಲ. ಕೆಲಸ ಮೈಮೇಲೆ ಬಿದ್ದಾಗ ಎಲ್ಲ ಮ್ಯಾನೇಜರುಗಳೂ ಮೊದಲು ರದ್ದು ಮಾಡೋದು ಈ ಅರ್ಧ ಗಂಟೆಯನ್ನೇ. ನೀನು ಮಾಡಬೇಡ.

ಇನ್ನು ಕೆಲಸ ಹಿಂದೆ ಬಿದ್ದಾಗ ಮೇಲಿನವರು "ಇನ್ನೂ ಮೂವರನ್ನು ಕೊಡ್ತೀವಿ" ಅಂತಾರೆ. ಹೂಂ ಅನ್ನೋ ಮುಂಚೆ ಲೆಕ್ಕ ಹಾಕು. ಐವರ ನಡುವೆ ಇಬ್ಬಿಬ್ಬರ ಮಾತಿನ ದಾರಿಗಳು 10, ಎಂಟು ಜನವಾದರೆ 28. ಹೊಸಬರಿಗೆ ಕಲಿಸೋಕೆ ಕೂರೋರೂ ಹಳಬರೇ. ಐಬಿಎಂನಲ್ಲಿ ಓಎಸ್/360 ಕಟ್ಟಿಸಿದ ಫ್ರೆಡ್ ಬ್ರೂಕ್ಸ್ ಇದನ್ನು 1975ರಲ್ಲೇ ಪುಸ್ತಕವಾಗಿ ಬರೆದರು: ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತೆ ಅಂತ. ಜನ ಬೇಡ, ಈ ಸಲ ಎರಡು ಫೀಚರ್ ಬಿಡೋಣ ಅಂತ ಹೇಳು. ಆ ಮಾತು ಹೇಳೋಕೇ ನಿನಗೆ ಆ ಕುರ್ಚಿ ಕೊಟ್ಟಿರೋದು.

ಹಾಂ, ನಂಜನಗೂಡಿನ ದೊಡ್ಡ ಜಾತ್ರೆ ದಿನ ರಿಲೀಸ್ ಇಟ್ಟುಕೊಳ್ಳಬೇಡ. ಐದು ತೇರು ಹೊರಟ ಬೆಳಿಗ್ಗೆ ನಮ್ಮೂರ ಹುಡುಗರು ಲ್ಯಾಪ್‌ಟಾಪ್ ಮುಂದೆ ಕೂತಿದ್ದರೂ ಮನಸ್ಸು ರಥಬೀದಿಯಲ್ಲೇ ಇರುತ್ತೆ. ತಂಡದಲ್ಲಿ ಮಲಯಾಳಿ ಹುಡುಗಿ ಇದ್ದರೆ ಅವಳ ಓಣಂ ಯಾವತ್ತು ಅಂತಲೂ ಮೊದಲೇ ಕೇಳಿಟ್ಟುಕೋ.

ಒಂದು ವರ್ಷ ಮಾಡಿ ನೋಡು. ಒಗ್ಗದಿದ್ದರೆ ಕೋಡಿಗೇ ವಾಪಸ್ ಹೋಗು, ನಾಚಿಕೆ ಏನೂ ಇಲ್ಲ. ಎಷ್ಟೋ ದೊಡ್ಡ ಕಂಪನಿಗಳಲ್ಲಿ ಆರ್ಕಿಟೆಕ್ಟ್, ಸ್ಟಾಫ್ ಎಂಜಿನಿಯರ್ ಅಂತ ಮ್ಯಾನೇಜರಿಗೆ ಸರಿಸಮನಾದ ಹುದ್ದೆಗಳಿವೆ. ನಿಮ್ಮಲ್ಲಿ ಹಾಗೆ ಮರಳೋ ದಾರಿ ಇದೆಯಾ ಅಂತ ಈಗಲೇ ಎಚ್‌ಆರ್ ಹತ್ತಿರ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಟ್ಟುಕೋ.