ಗುಮ್ಮಟ ಕಟ್ಟಲು ಹೊರಟವನಿಗೆ

ಸಿಂಧನೂರು

ಪ್ರೀತಿಯ ತಮ್ಮಾ,

ಸಿವಿಲ್ ಎಂಜಿನಿಯರಿಂಗ್ ಮುಗಿಸಿ ನೀನು ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ ಹೊರಟ ಸುದ್ದಿಯನ್ನು ಲಿಂಗಸುಗೂರಿನಿಂದ ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಮನೆಮಂದಿಗೆಲ್ಲ ಹಿಗ್ಗು. ಅಲ್ಲಿ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳು ಏಳಬೇಕಿವೆ. ಬೇಗ ಕಟ್ಟಿ ಎಂಬ ಒತ್ತಾಯ ನಿನಗೂ ತಟ್ಟುತ್ತದೆ. ಅದಕ್ಕೇ ಈ ಕಾಗದ.

ಹೋದಕೂಡಲೇ 1994ರ ಮೇ 13ರಂದು ನಡೆದದ್ದನ್ನು ತಿಳಿದುಕೋ. ಅಂದು 1ನೇ ಘಟಕದ ರಿಯಾಕ್ಟರ್ ಕಟ್ಟಡದ ಒಳಗುಮ್ಮಟದ ಕೆಳಪದರ ಕಳಚಿ, ಸುಮಾರು 130 ಟನ್ ಕಾಂಕ್ರೀಟ್ ಬಿತ್ತು, ಕೆಲಸಗಾರರು ಗಾಯಗೊಂಡರು. ಇಂಧನ ತುಂಬಿರದ ಕಾರಣ ವಿಕಿರಣದ ಅಪಾಯವಿರಲಿಲ್ಲ.

ಗುಮ್ಮಟದೊಳಗಿನ ಉಕ್ಕಿನ ಕೇಬಲ್‌ಗಳನ್ನು ಬಿಗಿಯುತ್ತಿದ್ದ ಹೊತ್ತದು. ಹುಲ್ಲು ಹೇರಿದ ಟ್ರ್ಯಾಕ್ಟರಿನ ಹಗ್ಗ ಜಗ್ಗಿದರೆ ಕೆಳಗಿನ ಹುಲ್ಲು ಅದುಮಿಹೋಗುತ್ತದಲ್ಲ, ಹಾಗೆಯೇ ಬಾಗಿದ ಕೇಬಲ್ ತನ್ನ ಕೆಳಗಿನ ಕಾಂಕ್ರೀಟನ್ನು ಒಳಕ್ಕೆ ಒತ್ತುತ್ತದೆ. ಮೇಲಿನ ಪದರ ಅಲ್ಲೇ ಉಳಿಯುತ್ತದೆ. ಎರಡನ್ನೂ ಹಿಡಿದಿಡುವ ಅಡ್ಡ ಸರಳುಗಳು ಸಾಲದಿದ್ದರೆ ಪದರ ಬಿಡುತ್ತದೆ. ಆಮೇಲೆ ವಿನ್ಯಾಸ ಬದಲಿಸಿ, ಆ ಸರಳುಗಳನ್ನು ಸೇರಿಸಿ, ಹೆಚ್ಚು ಬಲದ ಕಾಂಕ್ರೀಟಿನಲ್ಲಿ ಗುಮ್ಮಟವನ್ನು ಹೊಸದಾಗಿ ಕಟ್ಟಿದರು. 2000ದಲ್ಲಿ ವಾಣಿಜ್ಯ ಉತ್ಪಾದನೆಗೆ ಬಂದ ಅದೇ ಘಟಕ, 2016ರಿಂದ 2018ರವರೆಗೆ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಬರೆಯಿತು.

ಈಗ ಕಟ್ಟುವ ರೀತಿ ಸುಧಾರಿಸಿದೆ. ಸರಳಿನ ಪಂಜರಗಳನ್ನು ನೆಲದ ಮೇಲೇ ಹೆಣೆದು ಕ್ರೇನಿನಿಂದ ಎತ್ತಿ ಕೂರಿಸುತ್ತಾರೆ. ಗುಮ್ಮಟ ಮುಚ್ಚುವ ಮೊದಲೇ ಭಾರೀ ಯಂತ್ರಗಳನ್ನು ಮೇಲಿನಿಂದ ಇಳಿಸುತ್ತಾರೆ. ಜಪಾನಿನ ಕಾಶಿವಾಜಾಕಿ-ಕರಿವಾ ಅಣುಸ್ಥಾವರದಲ್ಲಿ ದೊಡ್ಡ ದೊಡ್ಡ ಭಾಗಗಳನ್ನು ಮೊದಲೇ ಜೋಡಿಸಿಕೊಂಡು ಘಟಕ ಕಟ್ಟಿದರು. ಹೀಗೆ ಉಳಿದ ಸಮಯ ನ್ಯಾಯವಾದದ್ದು. ಆದರೆ ಕಾಂಕ್ರೀಟ್ ತಣಿಯುವ, ಕ್ಯೂರಿಂಗ್ ಆಗುವ ದಿನಗಳಿಗೆ ಎಂದೂ ಕೈ ಹಾಕಬೇಡ. ಬಿಸಿಲಿದ್ದರೆ ಕಾಂಕ್ರೀಟ್ ಕಲೆಸುವ ನೀರಿಗೆ ಐಸ್ ಹಾಕಿಸು. ತಪಾಸಣೆಯನ್ನು ಮಾತ್ರ ಮುಂದೂಡಬೇಡ.

2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ, ಎಡದಂಡೆ ಕಾಲುವೆಯ ನಮ್ಮ ರೈತರು ನಿದ್ದೆಗೆಟ್ಟದ್ದನ್ನು ನೀನೇ ನೋಡಿದ್ದಿ. ಒಂದು ಭಾಗ ಸೋತರೆ ಎಷ್ಟು ಮನೆಗಳು ನಡುಗುತ್ತವೆ ಎಂಬುದು ನಮ್ಮ ಸೀಮೆಗೆ ಗೊತ್ತು. ನಕ್ಷೆಯಲ್ಲಿ ಸಂಶಯ ಬಂದರೆ ಕಿರಿಯನೆಂದು ಹಿಂಜರಿಯದೆ ಕೇಳು. ಉತ್ತರ ಸಿಗುವತನಕ ಕಾಂಕ್ರೀಟ್ ಸುರಿಯಲು ಸಹಿ ಹಾಕಬೇಡ.

ರಜೆಗೆ ಬಂದಾಗ ಮಸ್ಕಿಯ ಕಾಲೇಜು ಹುಡುಗರಿಗೆ ಇದನ್ನೆಲ್ಲ ವಿವರಿಸು. ಬಿದ್ದದ್ದನ್ನೂ ಹೇಳು, ಕಟ್ಟಿದ್ದನ್ನೂ ಹೇಳು.

ನಿನ್ನ ದೊಡ್ಡಪ್ಪ