ಸಿರಿ ಪಾಡ್ದನವೂ ಒಂದು ಶಾಸ್ತ್ರವೇ?

ಸಮಾಜಶಾಸ್ತ್ರದ ಪರಿಭಾಷೆಯೆಲ್ಲ ಹೊರದೇಶದಿಂದಲೇ ಬರಬೇಕು ಅಂತ ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ನೈಜೀರಿಯಾದ ಅಕಿನ್ಸೋಲ ಅಕಿವೊವೊ ಒಪ್ಪಲಿಲ್ಲ. ಯೊರುಬಾ ಜನರ ‘ಇಫಾ’ ಎಂಬ ಕಣಿಯಲ್ಲಿ 256 ‘ಒಡು’ಗಳಿವೆ, ಒಂದೊಂದಕ್ಕೂ ಬಾಯಿಪಾಠದ ಹಲವು ಪದ್ಯಗಳು. ಕಣಿಯವನು ಪದ್ಯ ಹೇಳುತ್ತಾನೆ, ಕೇಳಲು ಬಂದವನು ತನ್ನ ಕಷ್ಟಕ್ಕೆ ಹೊಂದುವುದನ್ನು ಆರಿಸಿಕೊಳ್ಳುತ್ತಾನೆ. ಈ ಮೌಖಿಕ ಪರಂಪರೆಯಿಂದ ಅಕಿವೊವೊ ‘ಅಸುವಾಡ’ ಎಂಬ ಪದವನ್ನೆತ್ತಿಕೊಂಡು, ಕೂಡಿ ಬಾಳುವುದೇ ಜೀವದ ಧರ್ಮ ಎಂಬ ಸಿದ್ಧಾಂತವನ್ನು 1986ರಲ್ಲಿ ವಿದ್ವಾಂಸರ ಮುಂದಿಟ್ಟರು.

ನಮ್ಮಲ್ಲೂ ಇಂಥದ್ದು ಇದೆಯೇ? ತುಳುನಾಡಿನ ಸಿರಿ ಪಾಡ್ದನ ನೋಡಿ. ಗೋಪಾಲ ನಾಯ್ಕರು ಹಾಡಿದ್ದನ್ನು ಫಿನ್ಲೆಂಡಿನ ಲೌರಿ ಹಾಂಕೊ 1998ರಲ್ಲಿ ಪ್ರಕಟಿಸಿದರು: ಒಟ್ಟು 15,683 ಸಾಲು! ಸಿರಿ ಗಂಡನ ಸಂಬಂಧ ಕಡಿದುಕೊಳ್ಳುತ್ತಾಳೆ, ಇನ್ನೊಂದು ಮದುವೆಯಾಗುತ್ತಾಳೆ. ಅಜ್ಜ ಬೆರ್ಮ ಆಳ್ವರ ಅರಮನೆಯ ಹಕ್ಕಿಗೂ ಜಗಳವಾಗುತ್ತದೆ. ಕವತ್ತಾರು, ಹಿರಿಯಡ್ಕ, ನಂದಳಿಕೆಗಳ ಸಿರಿ ಜಾತ್ರೆಯಲ್ಲಿ ಹೆಂಗಸರಿಗೆ ಆವೇಶ ಬರುತ್ತದೆ. ‘ಕುಮಾರ’ನ ಪಾತ್ರಿ ನೀನು ಯಾರು ಅಂತ ಕೇಳುತ್ತಾನೆ. ಸಿರಿ, ಸೊನ್ನೆ, ಅಬ್ಬಗ, ದಾರಗ ಇವರಲ್ಲೊಬ್ಬಳ ಹೆಸರು ಹೇಳುವಾಗ ಮನೆಯೊಳಗಿನ ನೋವೂ ಹೊರಬೀಳುತ್ತದೆ. ಇಫಾದಲ್ಲಿ ಪದ್ಯ ಆರಿಸಿಕೊಂಡ ಹಾಗೆಯೇ ಅಲ್ವಾ ಇದು?

ವಾಣಿಜ್ಯದ ವಿದ್ಯಾರ್ಥಿಯಾದ ನನಗೆ ಇಲ್ಲೊಂದು ಲೆಕ್ಕ ಕಾಣುತ್ತದೆ. ನಮ್ಮ ಪಾಠಗಳ ಅವಿಭಕ್ತ ಕುಟುಂಬಕ್ಕೆ ‘ಕರ್ತ’ ಅಂದರೆ ಸಾಮಾನ್ಯವಾಗಿ ಹಿರಿಯ ಗಂಡಸು. ಆ ಅಳತೆಗೋಲಿನಿಂದ ಸಿರಿಯ ಹಕ್ಕು ಅರ್ಥವಾಗುವುದಿಲ್ಲ. ಅಳಿಯಸಂತಾನದ ಪದ ‘ಕವರು’: ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಬೆಳೆದ ಸಂತತಿ. 1949ರ ಮದ್ರಾಸು ಅಳಿಯಸಂತಾನ ಕಾಯ್ದೆಯೂ ಈ ಪದವನ್ನೇ ಬಳಸಿತು. ಕೇರಳದ 1975ರ ಕಾಯ್ದೆ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡಿತು. ಹಾಗಾಗಿ ಕಾಸರಗೋಡಿನಲ್ಲಿ ಕವರಿಗೆ ಕಾನೂನಿನ ಬಲ ಹೋಯಿತು. ಪದವೂ ಮರೆತುಹೋದರೆ ಸಿರಿ ಬರೀ ಹಟಮಾರಿ ಹೆಂಗಸಾಗಿ ಕಾಣುತ್ತಾಳೆ, ಹಕ್ಕುದಾರಳಾಗಿ ಅಲ್ಲ.

ಆದರೆ ಹಾಡಿನಲ್ಲಿದ್ದ ಮಾತ್ರಕ್ಕೆ ಅದು ಶಾಸ್ತ್ರವಾಗುವುದಿಲ್ಲ. 1990ರಲ್ಲಿ ಲವುಯಿ, ತೈವೊ ಎಂಬಿಬ್ಬರು ನೈಜೀರಿಯಾದ ವಿದ್ವಾಂಸರೇ ಅಕಿವೊವೊ ಬಳಸಿದ ಪದಗಳ ಅರ್ಥ ಖಚಿತವಿಲ್ಲವೆಂದು ಟೀಕಿಸಿದರು. ನಾವೂ ಪದವನ್ನು ಉಜ್ಜಿ ನೋಡಬೇಕು. ಕೊಚ್ಚಿ ಕಡೆಯ ಮರುಮಕ್ಕತ್ತಾಯದ ‘ತಾವಳಿ’ಯ ಪಕ್ಕದಲ್ಲಿಟ್ಟರೆ ‘ಕವರು’ ಪರೀಕ್ಷೆಗೆ ನಿಲ್ಲುತ್ತದೆ. ಎರಡರಲ್ಲೂ ಎಣಿಕೆ ತಾಯಿಯಿಂದಲೇ ಶುರು. ಹೀಗೆ ಒಂದು ಊರಿನ ಮಾತು ಇನ್ನೊಂದು ಊರನ್ನೂ ವಿವರಿಸಿದಾಗ ಶಾಸ್ತ್ರ ಹುಟ್ಟುತ್ತದೆ.

ಗೆಳೆಯರೇ, ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯಂದಿರ ಹಾಡುಗಳಲ್ಲಿ ಮನೆ, ಪಾಲು, ಸಾಲ, ಆಣೆಗಳಿಗೆ ಯಾವ ಪದಗಳಿವೆ ಅಂತ ಕೇಳಿ, ಬರೆದುಕೊಂಡು ಬನ್ನಿ. ಸಂಘದಲ್ಲಿ ಕೂತು ಒಂದೊಂದನ್ನೂ ಚರ್ಚಿಸೋಣ.